ಆಪರೇಷನ್‌ಗೆ ಮುಂಚೆ ಕುಟುಂಬದ ಹಳೆಯ ಸಾವನ್ನೂ ಹೇಳಿ

ಆಪರೇಷನ್‌ಗೆ ಮುಂಚೆ ಅರಿವಳಿಕೆ ವೈದ್ಯರು ಕೇಳುವ ಒಂದು ಪ್ರಶ್ನೆಯನ್ನು ನಮ್ಮಲ್ಲಿ ಬಹಳ ಮಂದಿ ಹಗುರವಾಗಿ ಪರಿಗಣಿಸುತ್ತಾರೆ. 'ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಅನಸ್ತೇಷಿಯಾ ಕೊಟ್ಟಾಗ ತೊಂದರೆ ಆಗಿತ್ತೇ?' ಸಕ್ಕರೆ ಕಾಯಿಲೆ, ಬಿಪಿ ಎಲ್ಲವನ್ನೂ ಹೇಳುತ್ತೇವೆ. ಆಪರೇಷನ್ ಟೇಬಲ್ ಮೇಲೆ ತೀರಿಕೊಂಡ ಮಾಮನ ವಿಷಯ ಮಾತ್ರ ಬಾಯಿಗೆ ಬರುವುದಿಲ್ಲ. ಈ ಮೌನ ಪ್ರಾಣಕ್ಕೇ ಎರವಾಗಬಹುದು.

ಕ್ಯಾಲ್ಸಿಯಂ ಎಂದರೆ ನಮಗೆ ಹಾಲು, ಹಲ್ಲು, ಮೂಳೆ. ಆದರೆ ಪ್ರತಿ ಸ್ನಾಯುಕೋಶದೊಳಗೂ ಅದರದೊಂದು ಉಗ್ರಾಣವಿದೆ. ನರದಿಂದ ಸಂದೇಶ ಬಂದಾಗ ಅದರ ಬಾಗಿಲು ತೆರೆದು ಕ್ಯಾಲ್ಸಿಯಂ ಹೊರಬರುತ್ತದೆ, ಸ್ನಾಯು ಬಿಗಿಯುತ್ತದೆ. ಕೂಡಲೇ ಪುಟ್ಟ ಪಂಪುಗಳು ಅದನ್ನು ಮತ್ತೆ ಒಳಗೆ ತುಂಬುತ್ತವೆ, ಸ್ನಾಯು ಸಡಿಲವಾಗುತ್ತದೆ. ಕೆಲವು ಕುಟುಂಬಗಳಲ್ಲಿ ಈ ಬಾಗಿಲಿನ ಜೀನ್‌ನಲ್ಲಿ ದೋಷವಿರುತ್ತದೆ. ದಿನನಿತ್ಯದ ಬದುಕಿನಲ್ಲಿ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ. ಹ್ಯಾಲೋಥೇನ್, ಸೆವೋಫ್ಲುರೇನ್‌ನಂಥ ಅರಿವಳಿಕೆ ಅನಿಲವನ್ನೋ ಸಕ್ಸಿನೈಲ್‌ಕೋಲಿನ್ ಚುಚ್ಚುಮದ್ದನ್ನೋ ಕೊಟ್ಟಾಗ ಬಾಗಿಲು ತೆರೆದೇ ಉಳಿಯುತ್ತದೆ. ಮೈ ಮರಗಟ್ಟುತ್ತದೆ, ಪಂಪುಗಳು ಸೋರಿದ್ದನ್ನು ತುಂಬಲು ಹೆಣಗುತ್ತವೆ, ಜ್ವರ ಏರುತ್ತಲೇ ಹೋಗುತ್ತದೆ, ಹೃದಯದ ಲಯ ತಪ್ಪುತ್ತದೆ. ಇದೇ ಮಾಲಿಗ್ನಂಟ್ ಹೈಪರ್‌ಥರ್ಮಿಯಾ.

ಇದು ಬೆಳಕಿಗೆ ಬಂದದ್ದೇ ಒಬ್ಬ ರೋಗಿ ಬಾಯಿಬಿಟ್ಟು ಹೇಳಿದ್ದರಿಂದ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕಾಲು ಮುರಿದುಕೊಂಡು ಬಂದ 21ರ ಹರೆಯದ ವಿದ್ಯಾರ್ಥಿಗೆ ಕಾಲಿಗಿಂತ ಅರಿವಳಿಕೆಯದೇ ಭಯ. ತನ್ನ ಹತ್ತು ಮಂದಿ ಬಂಧುಗಳು ಅದರಿಂದಲೇ ಸತ್ತಿದ್ದಾರೆ ಎಂದ. ಆಗ ಹೊಸದಾಗಿದ್ದ ಹ್ಯಾಲೋಥೇನ್ ಕೊಟ್ಟರು. ಅವನಿಗೂ ಅದೇ ಲಕ್ಷಣಗಳು ಶುರುವಾದವು. ತಕ್ಷಣ ಅನಿಲ ನಿಲ್ಲಿಸಿದ್ದರಿಂದ ಬದುಕಿದ. ಡಾ. ಡೆನ್‌ಬರೋ ಮತ್ತು ಲೊವೆಲ್ 1960ರಲ್ಲಿ 'ಲ್ಯಾನ್ಸೆಟ್'ನಲ್ಲಿ ಇದನ್ನು ಬರೆದರು. ಆ ಹುಡುಗ ಸುಮ್ಮನಿದ್ದಿದ್ದರೆ?

ಆ ಬಾಗಿಲನ್ನು ಹಿಡಿದು ಮುಚ್ಚುವ ಔಷಧಿಯೇ ಡ್ಯಾಂಟ್ರೊಲೀನ್. ದಕ್ಷಿಣ ಆಫ್ರಿಕಾದ ಹ್ಯಾರಿಸನ್ 1975ರಲ್ಲಿ ಪ್ರಾಣಿಗಳ ಮೇಲೆ ಪ್ರಯೋಗಿಸಿ ಇದರ ಗುಣವನ್ನು ತೋರಿಸಿದರು. ಹಿಂದೆ ಈ ತೊಂದರೆಗೆ ಸಿಕ್ಕವರಲ್ಲಿ ನೂರಕ್ಕೆ ಎಪ್ಪತ್ತು ಮಂದಿ ಸಾಯುತ್ತಿದ್ದರು. ಔಷಧಿ ಕೈಗೆಟಕುವಲ್ಲಿ ಈಗ ಹತ್ತಕ್ಕಿಂತ ಕಡಿಮೆ. ಕೈಗೆಟಕಬೇಕು ಎಂಬುದೇ ಸಮಸ್ಯೆ. ಒಂದು ಸೀಸೆಯಲ್ಲಿ 20 ಮಿ.ಗ್ರಾಂ, 60 ಕೆ.ಜಿ. ತೂಕದವರಿಗೆ ಮೊದಲ ಸುತ್ತಿಗೇ ಏಳೆಂಟು ಸೀಸೆ ಬೇಕು. ದುಬಾರಿ ಔಷಧಿ, ಬಳಸದೆಯೇ ಅವಧಿ ಮುಗಿಯುತ್ತದೆ ಎಂದು ಅನೇಕ ಆಸ್ಪತ್ರೆಗಳು ಇಡುವುದಿಲ್ಲ. ಬೆಂಕಿ ಬಿದ್ದಿಲ್ಲ ಎಂದು ಬೆಂಕಿ ಆರಿಸುವ ಸಿಲಿಂಡರನ್ನು ಯಾರೂ ಹೊರಗೆ ಎಸೆಯುವುದಿಲ್ಲವಲ್ಲ! ಪ್ರತಿ ಸಣ್ಣ ಆಸ್ಪತ್ರೆಗೂ ಹೊರೆಯಾದರೆ ಒಂದು ಊರಿನ ಆಸ್ಪತ್ರೆಗಳು ಸೇರಿ ನಿಮಿಷಗಳಲ್ಲಿ ತಲುಪುವ ಕಡೆ ದಾಸ್ತಾನು ಇಡಲಿ.

ಇದು ಅಪರೂಪದ ತೊಂದರೆ, ಹೆದರಿ ಆಪರೇಷನ್ ಮುಂದೂಡಬೇಕಿಲ್ಲ. ಆದರೆ ತಂದೆಗೋ ತಾಯಿಗೋ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಒಮ್ಮೆ ಅರಿವಳಿಕೆ ಕೊಟ್ಟಾಗ ಏನೂ ಆಗಲಿಲ್ಲ ಎಂಬುದೂ ಖಾತರಿಯಲ್ಲ. ಮಗನ ಸುನ್ನತಿಯನ್ನು ಆಸ್ಪತ್ರೆಯಲ್ಲಿ ಮತ್ತು ಬರಿಸಿ ಮಾಡಿಸುವುದಾದರೆ, ಅಜ್ಜಿಯನ್ನೊಮ್ಮೆ ಕೇಳಿಕೊಂಡು ಹೋಗಿ: ಹಿಂದೆ ಯಾರಾದರೂ ಆಪರೇಷನ್ ವೇಳೆ ಮೈಬಿಗಿದು, ಜ್ವರ ಏರಿ ತೀರಿಕೊಂಡಿದ್ದರೇ? ಇದ್ದರೆ ವೈದ್ಯರಿಗೆ ಹೇಳಿ. ಆ ಅನಿಲಗಳನ್ನು ಬಿಟ್ಟು ಪ್ರೊಪೊಫಾಲ್‌ನಂಥ ಚುಚ್ಚುಮದ್ದಿನಲ್ಲೇ ಮತ್ತು ಬರಿಸಲು ಅವರಿಗೆ ಬರುತ್ತದೆ.