ಬೈಕು ಕೊಳ್ಳುವ ಮುನ್ನ ಸೊಂಟದ ಮಾತು ಕೇಳಿ

ಕ್ಯಾಲನೂರಿನ ತೋಟಗಳಿಂದ ಊರಿಗೆ ಮಣ್ಣುದಾರಿ, ಊರಿನಿಂದ ಕೋಲಾರಕ್ಕೆ ಟಾರು ರಸ್ತೆ. ಎರಡಕ್ಕೂ ಒಂದೇ ಬೈಕು ಬೇಕೆನ್ನುವವರು ಸಿ.ಸಿ. ಕೇಳುವ ಮೊದಲು ತಮ್ಮ ಕಾಲಿನ ಉದ್ದ ನೋಡಿಕೊಳ್ಳಬೇಕು. 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200 ಹಳ್ಳದಿಣ್ಣೆಯ ಕುಲುಕಾಟವನ್ನು ಚೆನ್ನಾಗಿ ತಡೆಯುತ್ತದೆ, ನಿಜ. ಆದರೆ ಅದರ ಸೀಟಿನ ಎತ್ತರ 823 ಮಿ.ಮೀ.; ಸ್ಪ್ಲೆಂಡರ್ ಪ್ಲಸ್‌ನದು 785. ಕೆಸರಿನಲ್ಲಿ ಕಾಲೂರಲಾಗದೆ ಬಿದ್ದರೆ ಪೆಟ್ಟು ಮೊಣಕಾಲಿಗೆ. ತಗ್ಗಿನ ಬೈಕಿನಲ್ಲಿ ಕಾಲು ನೆಲಕ್ಕೆ ಎಟುಕುತ್ತದೆ. ಆದರೆ ದಿನವೂ ವೇಗವಾಗಿ ಗುಂಡಿ ಹಾರಿಸಿದರೆ ಸೊಂಟ ಹಿಡಿಯುತ್ತದೆ.

ಅಂಗಡಿಯಲ್ಲೇ ಕುಳಿತು ನೋಡಿ. ಎರಡೂ ಪಾದಗಳ ಮುಂಭಾಗ ಗಟ್ಟಿಯಾಗಿ ನೆಲ ಮುಟ್ಟದಿದ್ದರೆ ಆ ಬೈಕು, ಎಷ್ಟೇ ಚೆಂದವಿರಲಿ, ನಿಮಗಲ್ಲ. ಓಡಾಟ ಹೆಚ್ಚಾಗಿ ಟಾರಿನ ಮೇಲಾದರೆ ತಗ್ಗಿನ ಬೈಕೇ ಸಾಕು. ಮಣ್ಣಿನಲ್ಲಿ ನಿಧಾನವೇ ಮದ್ದು. ತೋಟದ ದಾರಿಗೂ ಹೆಲ್ಮೆಟ್ ಬೇಕು. ಸೊಂಟನೋವಿನ ಜೊತೆ ಕಾಲು ಜೋಮು ಹಿಡಿದರೆ ತಡಮಾಡದೆ ವೈದ್ಯರನ್ನು ಕಾಣಿ.