ಟ್ರಂಕಿನ ತಳದ ಫೋನು, ಆರು ಮಂದಿಯ ರೀಚಾರ್ಜು

ಹೋದ ತಿಂಗಳ ಸಭೆಯಲ್ಲಿ ನಾವು ಒಂದು ಸಣ್ಣ ಮಾತನ್ನು ಮುಂದಿಟ್ಟೆವು. ಒಂದೇ ಖೋಲಿಯಲ್ಲಿ ಆರೇಳು ಮಂದಿ ವಾಸಿಸುವ ನಮ್ಮ ಹೋಟೆಲ್ ಕೆಲಸಗಾರರು, ಟ್ರಂಕಿನ ತಳದಲ್ಲಿ ಬಿದ್ದಿರುವ ಹಳೆಯ ಸ್ಮಾರ್ಟ್‌ಫೋನೊಂದನ್ನು ಹೊರತೆಗೆದು, ಅದಕ್ಕೊಂದು ಸಿಮ್ ಹಾಕಿ, ಹಾಟ್‌ಸ್ಪಾಟ್ ಮಾಡಿಟ್ಟುಕೊಂಡರೆ ಎಲ್ಲರ ಫೋನಿಗೂ ಇಂಟರ್ನೆಟ್ ದೊರೆಯುತ್ತದೆ. ಆರು ಮಂದಿ ಆರು ಬಾರಿ ಡೇಟಾಕ್ಕೆ ಹಣ ತೆರಬೇಕಾಗಿಲ್ಲ. ಇಷ್ಟೇ ನಾವಂದದ್ದು. ಅದಕ್ಕೆ ಎದ್ದ ಗುಲ್ಲನ್ನು ಕೇಳಿದ ಹೊರಗಿನವರು, ಇವರೇನೋ ಯಾರದೋ ಮನೆಗೆ ಕನ್ನ ಹಾಕಲು ಹೇಳಿದ್ದಾರೆಂದು ತಿಳಿದುಕೊಂಡಿರಬೇಕು!

ಒಬ್ಬ ಮಹಾಶಯರು ಇದನ್ನು 'ಭಿಕ್ಷುಕರ ಬುದ್ಧಿ' ಎಂದರು. ಇನ್ನೊಬ್ಬರು, ಹಳೆಯ ಫೋನನ್ನು ಮನೆಯಲ್ಲಿಟ್ಟುಕೊಳ್ಳುವುದೇ ದರಿದ್ರ, ಎಕ್ಸ್‌ಚೇಂಜಿಗೆ ಕೊಟ್ಟು ಕಂತಿನ ಮೇಲೆ ಹೊಸದು ತನ್ನಿ ಎಂದು ಉಪದೇಶಿಸಿದರು. ಮೂರನೆಯವರಿಗೆ ಪೋಲೀಸರ ಭಯ. ಸಭೆಯಲ್ಲಿ ಉತ್ತರ ಹೇಳಲು ಹೊತ್ತಾಗಲಿಲ್ಲ, ಇಲ್ಲಿ ಹೇಳುತ್ತೇವೆ.

ಮೊದಲು ಲೆಕ್ಕ. 2024ರ ಜುಲೈಯಲ್ಲಿ ಮೂರು ಖಾಸಗಿ ಕಂಪನಿಗಳೂ ಒಂದರ ಹಿಂದೊಂದು ದರ ಏರಿಸಿದವು. ದಿನಕ್ಕೆ 1.5 ಜಿಬಿಯಂತೆ 28 ದಿನ ಕೊಡುವ ಜಿಯೋದ ರೀಚಾರ್ಜು 239 ರೂಪಾಯಿ ಇದ್ದದ್ದು 299 ಆಯಿತು. ಆ ದರದಲ್ಲಿ ಆರು ಮಂದಿಗೆ 28 ದಿನಕ್ಕೆ 1,794 ರೂಪಾಯಿ. ಫೆಬ್ರವರಿಯೊಂದನ್ನು ಬಿಟ್ಟರೆ ಯಾವ ಪಂಚಾಂಗದಲ್ಲಿ 28 ದಿನದ ತಿಂಗಳಿದೆ ಸ್ವಾಮಿ? ನಮ್ಮ ಮಾಲೀಕ ವರ್ಷಕ್ಕೆ ಹನ್ನೆರಡು ಸಂಬಳ ಕೊಡುತ್ತಾನೆ. ನಾವು ಹದಿಮೂರು ರೀಚಾರ್ಜು ಮಾಡಿಸುತ್ತೇವೆ. ಹದಿಮೂರು ಸಲಕ್ಕೆ 23,322 ರೂಪಾಯಿ, ಒಂದು ಖೋಲಿಯಿಂದ! ಮೂವತ್ತು ದಿನದ ಯೋಜನೆಯನ್ನೂ ಇಡಬೇಕೆಂದು ಟ್ರಾಯ್ ಸಂಸ್ಥೆ 2022ರಲ್ಲಿ ಆಜ್ಞೆ ಮಾಡಿದ್ದುಂಟು. ಅಂಗಡಿಯಲ್ಲಿ ಯಾರಾದರೂ ತಾವಾಗಿ ಅದನ್ನು ನಿಮಗೆ ತೋರಿಸಿದರೇ?

ಇದಕ್ಕಿಂತ ದೊಡ್ಡ ಸಂಗತಿಯೊಂದನ್ನೂ ನಮಗೆ ಯಾರೂ ಹೇಳಲಿಲ್ಲ. ಡೇಟಾ ಬೇಡದವರಿಗೆ ಬರಿಯ ಮಾತು ಮತ್ತು ಎಸ್ಸೆಮ್ಮೆಸ್ಸಿನ ರೀಚಾರ್ಜನ್ನು ಕಂಪನಿಗಳು ಕೊಡಲೇಬೇಕೆಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ಮಾಡಿತು. 2025ರ ಜನವರಿಯಲ್ಲಿ ಕಂಪನಿಗಳು ಅಂಥ ಯೋಜನೆಗಳನ್ನು ತಂದವು. ಹೀಗಿರುವಾಗ, ಕೆಲವರ ಸಿಮ್‌ನಲ್ಲಿ ಬರಿಯ ಮಾತು, ಖೋಲಿಯ ಹಳೆಯ ಫೋನಿನಲ್ಲಿ ಡೇಟಾ ಎಂದು ಹಂಚಿಕೊಂಡರೆ ಖರ್ಚು ಎಷ್ಟು ಇಳಿಯುತ್ತದೆಂಬುದನ್ನು ಪ್ರತಿಯೊಬ್ಬರೂ ಅಂಗಡಿಯಲ್ಲಿ ಅಂದಿನ ದರ ಕೇಳಿ ತಾವೇ ಕೂಡಿಸಿ ನೋಡಬಹುದು. ಬಾಯಿಬಿಟ್ಟು ಕೇಳಬೇಕು, ಅಷ್ಟೇ.

"ಆರು ಒಂದೂವರೆ ಒಂಬತ್ತು ಜಿಬಿ. ಒಂದು ಸಿಮ್‌ನಲ್ಲಿ ಒಂಬತ್ತು ಎಲ್ಲಿಂದ ಬಂತು?" ಎಂದು ಕೇಳಿದವರುಂಟು. ನ್ಯಾಯವಾದ ಪ್ರಶ್ನೆ. ಆದರೆ ಆ ಒಂಬತ್ತನ್ನು ಉಂಡವರಾರು? ನಮ್ಮ ಖೋಲಿಯಲ್ಲಿ ಎಲ್ಲರ ಫೋನಿನ ಸೆಟ್ಟಿಂಗ್ಸ್ ತೆರೆದು ನೋಡಿದೆವು. ರಾತ್ರಿ ಸಿನಿಮಾ ನೋಡುವ ಇಬ್ಬರನ್ನು ಬಿಟ್ಟರೆ ಉಳಿದವರದು ಅರ್ಧವೂ ಮುಗಿದಿರಲಿಲ್ಲ. ಬೆಳಗಿನ ಪಾಳಿಯವನು ನಾಲ್ಕಕ್ಕೆ ಎದ್ದು ಹೋಗುತ್ತಾನೆ, ರಾತ್ರಿ ಪಾಳಿಯವನು ಹಗಲು ಮಲಗುತ್ತಾನೆ. ಆರು ಮಂದಿಯೂ ಒಟ್ಟಿಗೆ ಕುಳಿತು ಫೋನು ನೋಡುವ ಹೊತ್ತೇ ಅಪರೂಪ. ಮಿಕ್ಕಿದ ಡೇಟಾ ಬಹುತೇಕ ಯೋಜನೆಗಳಲ್ಲಿ ಮಧ್ಯರಾತ್ರಿ ಹನ್ನೆರಡಕ್ಕೆ ರದ್ದಾಗುತ್ತದೆ. ಮಿಕ್ಕ ಅನ್ನವನ್ನು ಚರಂಡಿಗೆ ಸುರಿದರೆ ಭಟ್ಟರ ಮೇಲೆ ಕೂಗಾಡುವ ನಾವು, ದುಡ್ಡು ಕೊಟ್ಟು ಕೊಂಡ ಇದನ್ನು ದಿನವೂ ಸುರಿಯುತ್ತಿದ್ದೇವೆ.

ಸುರಿಯುವುದಷ್ಟೇ ಅಲ್ಲ, ಕೊಡದೆ ಸುರಿಯುತ್ತೇವೆ. ಕುಂದಾಪುರದ ಕಡೆಯಿಂದ ಬಂದ, ಹದಿನೆಂಟು ತುಂಬಿದ ಹುಡುಗನೊಬ್ಬ ನಮ್ಮ ಖೋಲಿಗೆ ಸೇರಿದ್ದ. ಮೊದಲ ಸಂಬಳ ಕೈಗೆ ಬಂದಿರಲಿಲ್ಲ. ಫೋನಿನಲ್ಲಿ ರೀಚಾರ್ಜ್ ಇರಲಿಲ್ಲ. ಊರಿನ ಐಟಿಐಗೆ ಅರ್ಜಿ ಹಾಕಲು ಅಂದೇ ಕಡೆಯ ದಿನ. ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆದು ಬಂದವನು, "ಅಣ್ಣಾ, ಹತ್ತು ನಿಮಿಷ ಹಾಟ್‌ಸ್ಪಾಟ್ ಹಾಕ್ತೀರಾ?" ಎಂದು ಒಬ್ಬೊಬ್ಬರನ್ನೂ ಕೇಳಿದ. ಒಬ್ಬನಿಗೆ ಬ್ಯಾಟರಿ ಇಲ್ಲ, ಒಬ್ಬನಿಗೆ ನಿದ್ದೆ, ಒಬ್ಬನಿಗೆ ಡೇಟಾ ಮುಗಿದೀತೆಂಬ ಚಿಂತೆ. ಹನ್ನೆರಡು ಹೊಡೆಯಿತು. ಅವನ ಅರ್ಜಿಯ ಅವಧಿಯೂ ಮುಗಿಯಿತು, ನಮ್ಮೆಲ್ಲರ ಮಿಕ್ಕ ಡೇಟಾವೂ ಹೋಯಿತು. ನಿದ್ದೆಯ ನೆಪ ಹೇಳಿದವನು ಈ ಸಾಲುಗಳನ್ನು ಬರೆಯುತ್ತಿರುವವನೇ. ಹುಡುಗ ಇಂದಿಗೂ ಅದೇ ಹೋಟೆಲಿನಲ್ಲಿ ಮೇಜು ಒರೆಸುತ್ತಿದ್ದಾನೆ. 'ಭಿಕ್ಷುಕರ ಬುದ್ಧಿ' ಎಂದವರು ಹೇಳಲಿ: ಆ ರಾತ್ರಿ ಭಿಕ್ಷೆ ಬೇಡುವಂತೆ ಅವನನ್ನು ನಿಲ್ಲಿಸಿದ್ದು ಯಾವ ಬುದ್ಧಿ? ಖೋಲಿಗೆಲ್ಲ ಸೇರಿದ ಫೋನೊಂದು ಕಿಟಕಿಯಲ್ಲಿದ್ದಿದ್ದರೆ ಅವನು ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ.

ಇ-ಶ್ರಮ್ ನೋಂದಣಿ 2021ರ ಆಗಸ್ಟಿನಲ್ಲಿ ಆರಂಭವಾದಾಗಲೂ ಅದು ಇಂಟರ್ನೆಟ್ಟಿನಲ್ಲೇ ಬಂತು. ಪಿ.ಎಫ್. ಪಾಸ್‌ಬುಕ್ಕು ಅಲ್ಲೇ. ರೈಲಿನ ಟಿಕೆಟ್ಟೂ ಅಲ್ಲೇ. ಇದು ಮೋಜಿನ ವಸ್ತುವೆಂದು ಹೇಳುವ ಕಾಲ ಹೋಯಿತು.

ಇನ್ನು ಎಕ್ಸ್‌ಚೇಂಜಿನ ಉಪದೇಶಕರು. ಒಡೆದ ಗಾಜಿನ ಫೋನಿಗೆ ಅಂಗಡಿಯವನು ಕೊಡುವ ಬೆಲೆಯಿಂದ ಎರಡು ದಿನದ ಊಟವೂ ಆಗದು. ಹೊಸದರ ಕಂತು ಮಾತ್ರ ಹತ್ತಾರು ತಿಂಗಳು ಸಂಬಳವನ್ನು ಕಚ್ಚುತ್ತದೆ. ಹಳೆಯದು ಕೆಟ್ಟಿದೆ ಎಂದವರು ಯಾರು? ಗಾಜು ಒಡೆದಿದೆ, ಕ್ಯಾಮೆರಾ ಮಂಕಾಗಿದೆ, ಸ್ಪೀಕರ್ ಗೊರಗುಟ್ಟುತ್ತದೆ. ಹಾಟ್‌ಸ್ಪಾಟಿಗೆ ಇವೊಂದೂ ಬೇಡ. ಗೋಪುರದಿಂದ ಬರುವ ಡೇಟಾವನ್ನು ಹಿಡಿದು, ಅದನ್ನೇ ವೈಫೈ ಮಾಡಿ ಖೋಲಿಯೊಳಗೆ ಬಿಡುವುದಷ್ಟೇ ಅದರ ಕೆಲಸ. ಆಂಡ್ರಾಯ್ಡ್ ಫೋನುಗಳಿಗೆ ಈ ವಿದ್ಯೆ 2010ರಲ್ಲೇ ಬಂತು, ಐಫೋನಿಗೆ 2011ರಲ್ಲಿ. 4ಜಿ ಇಲ್ಲದ ಫೋನು ಮಾತ್ರ ಇದಕ್ಕೆ ಬಾರದು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಹೊಸತರಲ್ಲಿ ಮುಗಿಬಿದ್ದು ಕೊಂಡಿರಲ್ಲ, ಆ 4ಜಿ ಫೋನು ಧಾರಾಳವಾಗಿ ಸಾಕು.

ಮಾಡುವ ಕ್ರಮ ಕಷ್ಟದ್ದಲ್ಲ. ಹಳೆಯ ಫೋನಿನಲ್ಲಿರುವ ಫೋಟೋಗಳನ್ನು ಬೇರೆಡೆ ಇಟ್ಟುಕೊಂಡು, ಗೂಗಲ್ ಖಾತೆಯನ್ನು ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಿರಿ. ಸೆಟ್ಟಿಂಗ್ಸಿನ ನೆಟ್‌ವರ್ಕ್ ಭಾಗದಲ್ಲಿ 'ಹಾಟ್‌ಸ್ಪಾಟ್ ಮತ್ತು ಟೆಥರಿಂಗ್' ಎಂದಿರುತ್ತದೆ. ಅಲ್ಲಿ ಹೆಸರೊಂದನ್ನು ಕೊಟ್ಟು, ಭದ್ರತೆಗೆ ಡಬ್ಲ್ಯುಪಿಎ2 ಆರಿಸಿ, ಎಂಟು ಅಕ್ಷರಕ್ಕೆ ಕಡಿಮೆಯಿಲ್ಲದ ಪಾಸ್‌ವರ್ಡ್ ಇಡಿರಿ. ಪಾಸ್‌ವರ್ಡನ್ನು ಗೋಡೆಯ ಮೇಲೆ ಬರೆಯುವ ಚಾಳಿ ಬೇಡ! ಯಾರೂ ಬಳಸದಿದ್ದಾಗ ತಾನೇ ಆರಿಹೋಗುವ ಏರ್ಪಾಟು ಕೆಲವು ಫೋನುಗಳಲ್ಲಿದೆ, ಅದನ್ನು ತೆಗೆದುಬಿಡಿ. ಸಿಗ್ನಲ್ ಚೆನ್ನಾಗಿ ಸಿಗುವ ಕಿಟಕಿಯ ಬಳಿ, ಬಿಸಿಲು ತಾಗದಂತೆ ಇಡಿ.

ಎಲ್ಲವೂ ಸುಸೂತ್ರವೆಂದು ನಾವು ಹೇಳುವುದಿಲ್ಲ. ದಿನದ ಪಾಲು ಮುಗಿದರೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಸಿನಿಮಾ ಹುಚ್ಚಿನವರು ಆರು ಮಂದಿಯ ಪಾಲನ್ನು ಒಬ್ಬರೇ ನುಂಗದಂತೆ ಮೋರಿಗೂ ನಲ್ಲಿಗೂ ಇರುವ ಸರದಿಯನ್ನು ಇದಕ್ಕೂ ಹಾಕಿಕೊಳ್ಳಬೇಕಾದೀತು. ಪಾರ್ಸೆಲ್ ಹೊತ್ತು ಊರೆಲ್ಲ ತಿರುಗುವ ತಮ್ಮಂದಿರಿಗೆ ಅವರದೇ ಡೇಟಾ ಬೇಕು, ಅದನ್ನು ನಿಲ್ಲಿಸುವ ಮಾತೇ ಇಲ್ಲ. ಹಳೆಯ ಫೋನಿಗೆ ಕಂಪನಿಯ ಭದ್ರತಾ ಅಪ್‌ಡೇಟ್ ಬರುವುದು ನಿಂತಿರುತ್ತದೆ. ಆದುದರಿಂದ ಅದರಲ್ಲಿ ಬ್ಯಾಂಕಿನ ಆ್ಯಪ್ ಇಡಕೂಡದು. ಬ್ಯಾಂಕಿಗೆ ಜೋಡಿಸಿದ ನಂಬರಿನ ಸಿಮ್ಮನ್ನೂ ಹಾಕಕೂಡದು, ಏಕೆಂದರೆ ಒಟಿಪಿ ಎಲ್ಲರ ಕಣ್ಣೆದುರಿಗೇ ಬಂದು ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಬ್ಯಾಟರಿ. ಹಗಲೂ ರಾತ್ರಿ ಚಾರ್ಜಿಗಿಟ್ಟರೆ ಹಳೆಯ ಬ್ಯಾಟರಿ ಉಬ್ಬುವುದುಂಟು. ಹಾಸಿಗೆಯ ಕೆಳಗೆ, ದಿಂಬಿನ ಪಕ್ಕ ಇಡಬೇಡಿ. ಮಲಗುವಾಗ ಪ್ಲಗ್ ತೆಗೆಯಿರಿ. ಹಿಂಬದಿ ಸ್ವಲ್ಪ ಉಬ್ಬಿ ಕಂಡರೂ ಅಂದೇ ನಿಲ್ಲಿಸಿ, ಇ-ತ್ಯಾಜ್ಯ ಸಂಗ್ರಹಿಸುವ ಅಧಿಕೃತ ಕೇಂದ್ರಕ್ಕೆ ಕೊಡಿರಿ. ಹನ್ನೆರಡು ಮಂದಿ ಮಲಗುವ ಖೋಲಿಗಳೂ ನಮ್ಮಲ್ಲಿವೆ. ಅಲ್ಲಿ ಬೆಂಕಿ ಎಂದರೆ ಏನೆಂದು ವಿವರಿಸಬೇಕಾಗಿಲ್ಲ.

ಪೋಲೀಸರ ಭಯದವರಿಗೆ ಒಂದೇ ಮಾತು. ಒಡನೆ ವಾಸಿಸುವವರೊಡನೆ ಹಂಚಿಕೊಳ್ಳುವುದು ತಪ್ಪಲ್ಲ. ಗಲ್ಲಿಯವರಿಗೆ ಗಂಟೆಗಿಷ್ಟೆಂದು ಮಾರುವುದು ಬೇರೆ ಸಂಗತಿ, ಅದನ್ನು ಮಾಡಬೇಡಿ. ಸಿಮ್ ಯಾರ ಹೆಸರಿನಲ್ಲಿದೆಯೋ ಕೇಳುವಾಗ ಅವರನ್ನೇ ಕೇಳುತ್ತಾರೆ. ಆದ್ದರಿಂದ ಖೋಲಿ ಬಿಟ್ಟು ಯಾರಾದರೂ ಹೋದ ದಿನವೇ ಪಾಸ್‌ವರ್ಡ್ ಬದಲಾಯಿಸಿರಿ.

ನಮ್ಮ ಖೋಲಿಯಲ್ಲಿ ಈಗ ಮೂರು ತಿಂಗಳಿಂದ ಇದು ನಡೆಯುತ್ತಿದೆ. ಗಾಜು ಒಡೆದ ಫೋನೊಂದು ಕಿಟಕಿಯ ಸರಳಿಗೆ ಕಟ್ಟಿದ ಚೀಲದಲ್ಲಿದೆ. ಪಾಲಿನ ಹಣವನ್ನು ಆ ಹುಡುಗನೇ ಎತ್ತಿ ವಹಿಯಲ್ಲಿ ಬರೆದಿಡುತ್ತಾನೆ. ಒಪ್ಪದವರು ಮುಂದಿನ ಭಾನುವಾರ ತಮ್ಮ ತಮ್ಮ ರೀಚಾರ್ಜಿನ ಲೆಕ್ಕದೊಡನೆ ಸಂಘದ ಕೋಣೆಗೆ ಬರಲಿ; ನಮ್ಮ ವಹಿ ಮೇಜಿನ ಮೇಲಿರುತ್ತದೆ.