ಹೇಗೋ ಹೊಂದಿಕೊಳ್ಳುತ್ತಾರೆ ಬಿಡಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಕೇಳಿದಾಗಲೆಲ್ಲ ನನಗೊಂದು ಅನುಮಾನ. ಕಟ್ಟುವವನ ಕಷ್ಟವನ್ನು ಅದು ಹೇಳುತ್ತದೆ, ಸರಿ. ಕಟ್ಟಿದ ಮೇಲೆ ಅದರೊಳಗೆ ಹೊಗೆ ಕುಡಿಯುವವಳ ಕಷ್ಟ, ಬಚ್ಚಲಿನ ಬೀಳದ ಚಿಲಕವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಸ್ನಾನ ಮುಗಿಸುವವಳ ಕಷ್ಟ ಯಾವ ಗಾದೆಯಲ್ಲಿದೆ? ನಕ್ಷೆ ಬರೆಯುವವರು ಒಬ್ಬರು, ಅದರಲ್ಲಿ ಬದುಕುವವರು ಇನ್ನೊಬ್ಬರು. ಈ ಇಬ್ಬರ ನಡುವಿನ ಕಂದಕ ದಾಟಲು ನಮ್ಮಲ್ಲೊಂದು ಅಗ್ಗದ ಸಂಕ ಇದೆ: ‘ಹೆಂಗಸರು ಹೇಗೋ ಹೊಂದಿಕೊಳ್ಳುತ್ತಾರೆ ಬಿಡಿ.’ ನನ್ನ ಜಗಳ ಈ ಮಾತಿನೊಂದಿಗೆ.

ಜಗಳಕ್ಕೆ ಕಾರಣವಾದದ್ದು ಅರಮನೆಯೇನಲ್ಲ, ಎಂಟು ಜನ ಮಲಗಬಹುದಾದ ಒಂದು ಮರದ ಗೂಡು. ನಾನಿರುವ ರಿಚರ್ಡ್ಸ್ ಟೌನಿನಲ್ಲಿ, ಪಾರ್ಕಿನ ಸುತ್ತ ಬೆಳಗಿನ ಹೊತ್ತು ನಡೆಯುವವರದೊಂದು ಗುಂಪಿದೆ. ನಡೆಯುತ್ತ ನಡೆಯುತ್ತ ಕುಮಾರಪರ್ವತ, ಕುದುರೆಮುಖ ಹತ್ತಿ, ಕೊನೆಗೆ ಹಿಮದ ಮೇಲೆ ಜಾರುವ ಹುಚ್ಚಿಗೂ ಬಿದ್ದೆವು. ಬೆಂಗಳೂರಿನವರಿಗೆ ಹಿಮದ ಹುಚ್ಚೇ ಎಂದು ನಗಬೇಡಿ. ಕೊಡಗಿನ ಭವಾನಿ ತೆಕ್ಕಡ ನಂಜುಂಡ 2024ರಲ್ಲಿ ಗುಲ್ಮಾರ್ಗಿನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಸ್ಕೀಯಿಂಗ್ ಮಾಡಿ ಕರ್ನಾಟಕಕ್ಕೆ ಚಿನ್ನ ತಂದವರು. ಗುಂಪಿನ ಒಬ್ಬ ಗೆಳತಿಯ ತವರು ಹಿಮಾಚಲ. ಅವಳ ಅಣ್ಣಂದಿರ ಸೇಬಿನ ತೋಟದ ಮೇಲಂಚಿನಲ್ಲಿ ಒಂದು ಗೂಡು ಹಾಕಿಕೊಂಡರೆ ವರ್ಷಕ್ಕೊಮ್ಮೆ ಹೋಗಿ ಬರಬಹುದೆಂದು ಮಾತಾಯಿತು. ಎಂಟು ಜನರಲ್ಲಿ ಐವರು ಹೆಂಗಸರು. ನಕ್ಷೆ ಹಾಕಿದವರು ಉಳಿದ ಮೂವರು.

ನಕ್ಷೆ ಕೆಟ್ಟದ್ದೆಂದು ನಾನು ಹೇಳಲಾರೆ. ಬಿದ್ದು ಕುಳಿತ ಹಿಮ ಒಂದು ಘನ ಮೀಟರಿಗೆ 200, 300 ಕಿಲೋ ತೂಗುತ್ತದೆ. ಅದು ಜಾರಿ ಬೀಳಲೆಂದು ಮಾಡಿಗೆ ಒಳ್ಳೆಯ ಇಳಿಜಾರು ಕೊಟ್ಟಿದ್ದರು. ರಾತ್ರಿ ಬಾಗಿಲ ಮುಂದೆ ಹಿಮ ರಾಶಿ ಬಿದ್ದರೂ ಬೆಳಗ್ಗೆ ಹೊರಬರಲು ಆಗಬೇಕಲ್ಲ, ಅದಕ್ಕೆ ಬಾಗಿಲು ಒಳಕ್ಕೆ ತೆರೆಯುವಂತಿತ್ತು. ನೆಲದ ತಂಪು ತಾಗದಂತೆ ಕಲ್ಲಿನ ಕಂಬಗಳ ಮೇಲೆ ಹಲಗೆ. ಹಿಮಕ್ಕೆ ಏನು ಬೇಕೆಂದು ಇಷ್ಟು ಶ್ರದ್ಧೆಯಿಂದ ಯೋಚಿಸಿದವರಿಗೆ ಐವರು ಹೆಂಗಸರಿಗೆ ಏನು ಬೇಕೆಂದು ಕೇಳುವ ನೆನಪಾಗಲಿಲ್ಲ. ಕಕ್ಕಸು ಗೂಡಿನಿಂದ ನಲವತ್ತು ಹೆಜ್ಜೆ ಆಚೆ. ಮಲಗಲು ಈ ಗೋಡೆಯಿಂದ ಆ ಗೋಡೆಯವರೆಗೆ ಒಂದೇ ಉದ್ದನೆಯ ಹಲಗೆ. ಒಲೆ ಮೂಲೆಯಲ್ಲಿ, ಅಡುಗೆ ಮಾಡುವವರ ಮುಖ ಗೋಡೆಗೆ. ಕೇಳಿದ್ದಕ್ಕೆ ಗುಂಪಿನ ಹಿರಿಯರೊಬ್ಬರು ನಕ್ಕು, ‘ಅಯ್ಯೋ, ನಾಲ್ಕು ದಿನದ ಮಾತು, ಹೊಂದಿಕೊಂಡರಾಯಿತು ಬಿಡಿ ಮೇಡಂ’ ಎಂದರು.

ಹೊಂದಿಕೊಳ್ಳುವುದೆಂದರೆ ಏನೆಂದು ಬಿಡಿಸಿ ನೋಡೋಣ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ, ಕತ್ತಲೆಯಲ್ಲಿ, ಮೊಣಕಾಲುದ್ದ ಹಿಮದಲ್ಲಿ ನಲವತ್ತು ಹೆಜ್ಜೆ ಹೋಗಬೇಕೆಂದರೆ ಹೆಂಗಸು ಮಾಡುವ ಮೊದಲ ಕೆಲಸ ಸಂಜೆಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುವುದು. ಬಸ್ಸಿನಲ್ಲಿ ದೂರ ಹೋಗುವಾಗ ನಾವೆಲ್ಲ ಮಾಡಿದ್ದೇವಲ್ಲ, ಅದೇ ವಿದ್ಯೆ. ಎತ್ತರದ ಒಣ ಗಾಳಿಯಲ್ಲಿ ಉಸಿರಾಡುವಾಗಲೇ ಮೈಯ ನೀರು ಆರುತ್ತದೆ. ಅಲ್ಲಿ ಈ ವಿದ್ಯೆ ಮೈಗೆ ದೊಡ್ಡ ಅಪಾಯ. ಇನ್ನು ಮುಟ್ಟಿನ ದಿನಗಳಲ್ಲಿ ಆ ನಲವತ್ತು ಹೆಜ್ಜೆಯನ್ನು ರಾತ್ರಿಗೆ ಎಷ್ಟು ಸಲ ಎಣಿಸಬೇಕೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಒಲೆಯ ಮಾತಂತೂ ಬರಿಯ ಅನುಕೂಲದ ಮಾತಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಕೇರಳದಿಂದ ಹೋಗಿದ್ದ ಎಂಟು ಜನ, ಅವರಲ್ಲಿ ನಾಲ್ವರು ಮಕ್ಕಳು, ಚಳಿಗೆಂದು ಕೋಣೆಯಲ್ಲಿ ಗ್ಯಾಸ್ ಹೀಟರ್ ಹಚ್ಚಿ ಮಲಗಿದವರು ಬೆಳಗ್ಗೆ ಏಳಲಿಲ್ಲ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಗಂಡು ಹೆಣ್ಣು ನೋಡುವುದಿಲ್ಲ, ಆದರೆ ಒಲೆಯ ಬುಡದಲ್ಲಿ ಹೆಚ್ಚು ಹೊತ್ತು ಇರುವವರು ಯಾರು? ಗೋಡೆಯಲ್ಲಿ ಎರಡು ಕಿಂಡಿ, ನೆಲದ ಬಳಿ ಒಂದು, ಮಾಡಿನ ಕೆಳಗೆ ಒಂದು, ಮತ್ತು ಮಾಡಿನಾಚೆಗೆ ಹೋಗುವ ಹೊಗೆಕೊಳವೆ. ಇವಿಷ್ಟೂ ಇರಲೇಬೇಕು. ‘ಚಳಿ ಬರುತ್ತದೆ’ ಎಂದು ಕಿಂಡಿ ಬಿಟ್ಟವರು ಎಂದೂ ಒಲೆ ಊದಿದವರಲ್ಲ.

ಇದು ನಮ್ಮೂರಿನವರ ಬುದ್ಧಿ ಮಾತ್ರ ಎಂದುಕೊಳ್ಳಬೇಡಿ. ಬೆಟ್ಟದ ಗೂಡುಗಳಿಗೆ ಹೆಸರಾದ ಸ್ವಿಟ್ಜರ್ಲೆಂಡಿನ ಆಲ್ಪೈನ್ ಕ್ಲಬ್ಬು ಹುಟ್ಟಿದ್ದು 1863ರಲ್ಲಿ; ಮೊದಲ ಗೂಡು ಕಟ್ಟಿದ್ದೂ ಅದೇ ವರ್ಷ. 1907ರಲ್ಲಿ ಅದು ಹೆಂಗಸರಿಗೆ ಸದಸ್ಯತ್ವವನ್ನೇ ಮುಚ್ಚಿತು. 1918ರಲ್ಲಿ ಹೆಂಗಸರು ತಮ್ಮದೇ ಕ್ಲಬ್ಬು ಕಟ್ಟಿಕೊಂಡರು. ಎರಡೂ ಒಂದಾಗಲು 1980 ಬರಬೇಕಾಯಿತು.

ಫ್ರಾನ್ಸಿನ ಶಾರ್ಲಟ್ ಪೆರಿಯಾಂ ಎಂಬಾಕೆಯ ಕತೆಯೂ ಕೇಳಿ. 1927ರಲ್ಲಿ ಲ ಕಾರ್ಬೂಸಿಯೆಯ ಕಚೇರಿಗೆ ಕೆಲಸ ಕೇಳಿ ಹೋದಾಗ, ಇಲ್ಲಿ ದಿಂಬಿಗೆ ಕಸೂತಿ ಹಾಕುವ ಕೆಲಸವಿಲ್ಲವೆಂದು ಆತ ಸಾಗಹಾಕಿದ. ಅದೇ ವರ್ಷ ಪ್ರದರ್ಶನವೊಂದರಲ್ಲಿ ಆಕೆಯ ಕೆಲಸ ನೋಡಿ ಅವನೇ ಕರೆದು ಕೆಲಸ ಕೊಟ್ಟ. ಆಕೆ ತಾನೇ ಬೆಟ್ಟ ಹತ್ತಿದವಳು, ಸ್ಕೀ ಮಾಡಿದವಳು. ಮೂವತ್ತರ ದಶಕದಲ್ಲಿ ಬೆಟ್ಟಕ್ಕೆ ಹೊತ್ತೊಯ್ದು ಜೋಡಿಸಬಹುದಾದ ಆರು ಜನರ ಗೂಡನ್ನು ರೂಪಿಸಿದಳು. 1938ರಲ್ಲಿ, ಮುಂದೆ ನಮ್ಮ ಚಂಡೀಗಢ ಕಟ್ಟಲು ದುಡಿದ ಪಿಯರ್ ಜಾನ್ನರೆಯೊಂದಿಗೆ, ಪೀಪಾಯಿಯಂಥ ಇನ್ನೊಂದನ್ನು ರೂಪಿಸಿದಳು. ಹೊರಮೈ ಅಲ್ಯೂಮಿನಿಯಂ, ಒಳಗೆ ಮರ. ಯುದ್ಧದ ನಂತರ ಮಾರ್ಸೇಯಲ್ಲಿ ಕಾರ್ಬೂಸಿಯೆ ಕಟ್ಟಿದ ದೊಡ್ಡ ವಸತಿಗೆ ಅಡುಗೆಮನೆ ಯೋಚಿಸಿದವಳೂ ಇವಳೇ. ಅಡುಗೆಯವಳು ಗೋಡೆಗೆ ಮುಖ ಮಾಡಿ ಒಂಟಿಯಾಗಿ ನಿಲ್ಲದೆ ಮನೆಯವರೊಂದಿಗೆ ಮಾತಾಡುತ್ತಲೇ ಬೇಯಿಸುವಂತೆ ಅದನ್ನು ಕೂಡುವ ಕೋಣೆಗೆ ತೆರೆದಿಟ್ಟಳು.

‘ಸಣ್ಣ ಗೂಡಿಗೆ ಇಷ್ಟೆಲ್ಲ ಏಕೆ, ಮರ ಹೆಚ್ಚು ಬೇಕಾಗುತ್ತದೆ’ ಎಂಬುದು ನಮ್ಮವರ ಇನ್ನೊಂದು ವಾದ. ದೊಡ್ಡ ಮನೆಯಲ್ಲಿ ನಕ್ಷೆ ತಪ್ಪಿದರೆ ಇನ್ನೊಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದು. ಎಂಟು ಜನರ ಒಂದೇ ಕೋಣೆಯಲ್ಲಿ ಎಲ್ಲಿಗೆ ಹೋಗುವುದು? ಸಣ್ಣದಕ್ಕೇ ಯೋಚನೆ ಹೆಚ್ಚು ಬೇಕು. ಹಿಮಾಚಲದ ಹಳ್ಳಿಯವರು ಇದನ್ನು ನಮಗಿಂತ ಮೊದಲೇ ಬಲ್ಲರು. ಅವರ ಕಾಠ್-ಕುಣಿ ಮನೆಗಳಲ್ಲಿ ಒಂದು ಸಾಲು ದೇವದಾರು ತೊಲೆ, ಒಂದು ಸಾಲು ಕಲ್ಲು, ಗಾರೆಯಿಲ್ಲ. ಕೆಳಗೆ ದನಕರು, ಮೇಲೆ ಮನುಷ್ಯರು. ದನದ ಮೈಬಿಸಿಯೂ ವ್ಯರ್ಥವಾಗುವುದಿಲ್ಲ. ನಮ್ಮ ದಂಡಿನ ಹಳೆಯ ಬಂಗಲೆಗಳ ಕಿಟಕಿಯ ಮೇಲಿನ ಚೂಪು ಮರದ ಮುಸುಕನ್ನೇ ನೋಡಿ, ನಾವು ಮಂಕಿಟಾಪ್ ಎನ್ನುತ್ತೇವಲ್ಲ, ಅದು. ನೋಡಲು ಅಲಂಕಾರ, ಮಾಡುವುದು ಬಿಸಿಲು ಮಳೆ ತಡೆಯುವ ಕೆಲಸ. ಬದುಕಿದವರ ಅನುಭವದಿಂದ ಹುಟ್ಟಿದ ಮರಗೆಲಸಕ್ಕೆ ಹೆಚ್ಚು ಮರ ಬೇಕಾಗುವುದಿಲ್ಲ.

ನಾವು ಐವರು ಕೇಳಿದ್ದಾದರೂ ಎಷ್ಟು? ಕಕ್ಕಸು ಅದೇ ಮಾಡಿನ ಕೆಳಗೆ ಬರಲಿ, ನಡುವೆ ಎರಡು ಬಾಗಿಲಿನ ಪುಟ್ಟ ಪಡಸಾಲೆ ಇರಲಿ. ನೀರು ಹೆಪ್ಪುಗಟ್ಟುವ ಜಾಗವಾದ್ದರಿಂದ ಮೇಲೆ ಮರದ ಹೊಟ್ಟು ಹಾಕುವ ಒಣ ಕಕ್ಕಸು ಸಾಕು. ಒಳಗಿನಿಂದ ಬೀಳುವ ಗಟ್ಟಿ ಚಿಲಕ. ಒಲೆ ನಡುವಿಗೆ ಬರಲಿ, ಸುತ್ತ ಕೂತವರೂ ಸೌಟು ಹಿಡಿಯಲಿ, ಮೇಲೆ ಒದ್ದೆ ಬಟ್ಟೆ ಒಣಗಿಸಲು ನಾಲ್ಕು ಗೂಟ. ಮಲಗುವ ಹಲಗೆ ಎರಡು ಭಾಗವಾಗಲಿ, ನಡುವೆ ಒಂದು ಪರದೆ. ಕೂಡಿಸಿದರೆ ಹತ್ತಿಪ್ಪತ್ತು ಹಲಗೆಯ ಲೆಕ್ಕ.

ನೀವು ಹಿಮದ ಬೆಟ್ಟಕ್ಕೆ ಹೋಗದಿರಬಹುದು. ಆದರೆ ನಿಮ್ಮೂರಿನಲ್ಲಿ ಸಮುದಾಯ ಭವನವೋ ಕಲ್ಯಾಣ ಮಂಟಪವೋ ಏಳುತ್ತಿರುತ್ತದೆ, ನಿಮ್ಮ ಮನೆಗೇ ಮಹಡಿ ಏರುತ್ತಿರುತ್ತದೆ. ನಕ್ಷೆ ಮೇಜಿನ ಮೇಲೆ ಹರಡಿದಾಗ ಕಾಫಿ ಕೊಟ್ಟು ಒಳಗೆ ಹೋಗಬೇಡಿ. ಕುರ್ಚಿ ಎಳೆದುಕೊಂಡು ಕೂಡಿ. ಕಕ್ಕಸು ಎಲ್ಲಿ, ಚಿಲಕ ಯಾವ ಕಡೆ, ಹೊಗೆ ಹೋಗುವುದು ಎಲ್ಲಿಂದ ಎಂದು ಕೇಳಿ. ಮರ, ಕಲ್ಲು, ಸಿಮೆಂಟು ಒಮ್ಮೆ ನಿಂತ ಮೇಲೆ ಹೊಂದಿಕೊಳ್ಳುವುದಿಲ್ಲ. ಹೊಂದಿಕೊಳ್ಳುವ ಸರದಿ ಕಾಗದದ್ದು. ಅದನ್ನು ರಬ್ಬರಿನಿಂದ ಅಳಿಸಬಹುದು.